ನಾಲೆ ಫೋಟೋ ಹಾಕಿದರೆ ರಾಜಕೀಯ, ವೇದಿಕೆ ಹತ್ತಿದರೆ ರಾಜಕೀಯ ಅಲ್ವಾ? ಕಬಡ್ಡಿ ಆಡುವ ತಮ್ಮನ ವಿಷಯ

ಮದ್ದೂರಿನ ಅಕ್ಕ

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನನ್ನ ತಮ್ಮ ಕಬಡ್ಡಿ ಆಟಗಾರ, ರೈಡರ್. ನಮ್ಮೂರಿನ ಗುಡಿ ಹಿಂದಿನ ಮಣ್ಣಿನ ಅಂಕಣದಲ್ಲಿ ಆಡಿ ಬೆಳೆದವನು. ಕ್ರೀಡಾ ಕೋಟಾದಲ್ಲಿ ರೈಲ್ವೆ ಕೆಲಸ ಸಿಕ್ಕಿತು. ಆಮೇಲೆ ಲೀಗ್ ಆಡಿದ. ಟಿವಿಯಲ್ಲಿ ಬಂದ ಮೇಲೆ ಶೂ, ಜೆರ್ಸಿ ಮಾಡುವ ಒಂದು ಕಂಪನಿ ಒಪ್ಪಂದ ಮಾಡಿಕೊಂಡಿತು. ವರ್ಷಕ್ಕೆ 2 ಲಕ್ಷ, ಜೊತೆಗೆ ಶೂ, ನೀ ಕ್ಯಾಪ್, ಟ್ರ್ಯಾಕ್ ಸೂಟ್. ಅವರ ಶೂ ಹಾಕಿಕೊಂಡು ಫೋಟೋ ಹಾಕಬೇಕು, ಅವರು ಕರೆದಾಗ ಅಂಗಡಿ ಉದ್ಘಾಟನೆಗೆ ಹೋಗಬೇಕು. ಅವನ ಕಾಗದಪತ್ರ, ಬ್ಯಾಂಕು, ತೆರಿಗೆ ಎಲ್ಲ ನೋಡಿಕೊಳ್ಳುವುದು ನಾನೇ.

ನಮ್ಮದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗ. ಮಂಡ್ಯದ ಕಡೆಯವರಿಗೆ ಗೊತ್ತಿರುತ್ತದೆ, ಕನ್ನಂಬಾಡಿಯಲ್ಲಿ ನೀರು ಬಿಟ್ಟ ಸುದ್ದಿ ಪೇಪರಿನಲ್ಲಿ ಬಂದು ಎಷ್ಟೋ ದಿನ ಆದರೂ ಹುಲಿಕೆರೆ ಸುರಂಗ ದಾಟಿ ನಮ್ಮ ತೂಬಿನವರೆಗೆ ಅದು ಬಂದಿರುವುದಿಲ್ಲ. ಈ ಸಲ ಭತ್ತದ ಒಟ್ಲು (ಸಸಿಮಡಿ) ಹಾಕಿದ್ದೆವು, ಒಣಗುತ್ತಾ ಬಂತು. ರಜೆಗೆ ಬಂದಿದ್ದ ತಮ್ಮ ಅಪ್ಪನ ಜೊತೆ ನಾಲೆ ಏರಿ ಮೇಲೆ ನಿಂತು ಒಂದು ಫೋಟೋ ಹಾಕಿದ. ಕೆಳಗೆ ಬರೆದಿದ್ದು ಇಷ್ಟೇ: "ಇದು ನಮ್ಮ ನಾಲೆ. ಇನ್ನೂ ನೀರು ಬಂದಿಲ್ಲ. ಕೊನೆ ಭಾಗದವರ ಕಡೆನೂ ನೋಡಿ." ಪಕ್ಷದ ಹೆಸರಿಲ್ಲ, ತಮಿಳುನಾಡಿನ ಹೆಸರಿಲ್ಲ, ಯಾರನ್ನೂ ಬೈದಿಲ್ಲ.

ಮಾರನೇ ದಿನವೇ ಕಂಪನಿಯಿಂದ ಫೋನ್ ಬಂತು. "ಇದು ಪೊಲಿಟಿಕಲ್ ಆಗುತ್ತೆ, ತೆಗೆದುಬಿಡಿ. ನಮಗೆ ಸೇಲಂ, ಈರೋಡ್ ಕಡೆನೂ ಡೀಲರ್‌ಗಳಿದ್ದಾರೆ" ಅಂದರು. ತಮ್ಮ ಇನ್ನೂ ತೆಗೆದಿಲ್ಲ.

ಇನ್ನೊಂದು ಕಡೆ ಕೇಳಿ. ನಮ್ಮ ಭಾಗದ ಒಬ್ಬ ಮುಖಂಡರು ಸ್ಥಳೀಯ ಚುನಾವಣೆಗೆ ಓಡಾಡುತ್ತಿದ್ದಾರೆ. ಪ್ರತಿ ವರ್ಷ ಹೊನಲು ಬೆಳಕಿನ ಕಬಡ್ಡಿ ಮಾಡಿಸುವುದು ಅವರೇ. ಹುಡುಗರಿಗೆ ಮ್ಯಾಟ್ ಕೊಡಿಸಿದ್ದಾರೆ. ತಮ್ಮನಿಗೆ ಮೊಣಕಾಲಿನ ಲಿಗಮೆಂಟ್ ಆಪರೇಷನ್ ಆದಾಗ ಆಸ್ಪತ್ರೆಗೆ ಬಂದು ಅಪ್ಪನ ಕೈಗೆ 25 ಸಾವಿರ ಕೊಟ್ಟು ಹೋಗಿದ್ದರು. ಈಗ ಅವರ ಕಡೆಯವರು ಬಂದು, ತಮ್ಮ ವೇದಿಕೆ ಹತ್ತಬೇಕು, ಪಕ್ಷದ ಶಾಲು ಹಾಕಿಸಿಕೊಳ್ಳಬೇಕು, ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೋ ಮಾಡಿ "ಅಣ್ಣನಿಗೆ ಬೆಂಬಲ ಕೊಡಿ" ಅನ್ನಬೇಕು ಅಂತ ಕೇಳಿದ್ದಾರೆ. ಜೆರ್ಸಿ ಕೂಡ ತಂದಿದ್ದರು. ಮುಂದೆ ತಮ್ಮನ ನಂಬರ್, ಬೆನ್ನ ಮೇಲೆ ಅವರ ಫೋಟೋ.

ನಾನು ಕಂಪನಿಯವರಿಗೆ ಇದನ್ನೂ ಹೇಳಿದೆ. ನಾಲೆ ಫೋಟೋ ಬೇಡ ಅಂದವರು ಇದನ್ನಂತೂ ಖಂಡಿತ ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದು: "ಅದೆಲ್ಲ ಲೋಕಲ್ ಸಂಬಂಧ ಅಲ್ವಾ ಮೇಡಂ, ಮಾಡಲಿ. ನಮ್ಮ ಶೂ ಹಾಕಿಕೊಂಡೇ ಹೋಗಲಿ."

ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಒಣಗಿದ ಗದ್ದೆಯ ವಿಷಯ ಹೇಳಿದರೆ ರಾಜಕೀಯ, ಒಬ್ಬ ಅಭ್ಯರ್ಥಿಗೆ ಓಟು ಕೇಳಿದರೆ ಅಲ್ಲ! ಅಪ್ಪ "ಉಪಕಾರ ಮರೆಯಬಾರದು, ಒಂದು ಸಲ ಹೋಗಿ ಬರಲಿ" ಅನ್ನುತ್ತಾರೆ. ತಮ್ಮನಿಗೆ ಎರಡೂ ಕಡೆ ಇಷ್ಟ ಇಲ್ಲ. ಒಪ್ಪಂದ ಮುರಿದರೆ ದುಡ್ಡು ವಾಪಸ್ ಕೇಳುತ್ತಾರಾ? ವೇದಿಕೆಗೆ ಹೋಗಲ್ಲ ಅಂತ ನೋವಾಗದ ಹಾಗೆ ಹೇಗೆ ಹೇಳುವುದು? ತಿಳಿದವರು ಹೇಳಿ.

---

ಹಳೇ ರೈಡರ್, ಅರಸೀಕೆರೆ

ತಂಗಿ, ನಾನೂ ರೈಲ್ವೆಗೆ ಕಬಡ್ಡಿ ಆಡಿದವನು, ಈಗ ರಿಟೈರ್ ಆಗಿದ್ದೇನೆ. ಬೇರೆ ಎಲ್ಲ ಪಕ್ಕಕ್ಕಿಡಿ, ಮೊದಲು ನೌಕರಿ ನೋಡಿ.

ರೈಲ್ವೆ ನೌಕರರ ನಡತೆ ನಿಯಮ 1966ರದ್ದು. ಅದರ 5ನೇ ನಿಯಮದಲ್ಲಿ ಸ್ಪಷ್ಟವಾಗಿದೆ: ನೌಕರ ಯಾವ ಪಕ್ಷದಲ್ಲೂ ಇರುವ ಹಾಗಿಲ್ಲ, ಚುನಾವಣೆಯಲ್ಲಿ ಯಾರ ಪರವಾಗಿಯೂ ಪ್ರಚಾರ ಮಾಡುವ ಹಾಗಿಲ್ಲ. ಓಟು ಹಾಕಬಹುದು, ಆದರೆ ಯಾರಿಗೆ ಅಂತ ಹೇಳಿಕೊಳ್ಳುವ ಹಾಗೂ ಇಲ್ಲ. ಶಾಲು ಹಾಕಿಸಿಕೊಂಡು ವಿಡಿಯೋ ಮಾಡಿದರೆ ಎದುರು ಪಾರ್ಟಿಯವರು ಅದನ್ನೇ ಇಲಾಖೆಗೆ ಕಳಿಸುತ್ತಾರೆ. ನೋಟಿಸ್ ಬರುವುದು ನಿಮ್ಮ ತಮ್ಮನಿಗೆ, ಮುಖಂಡರಿಗಲ್ಲ.

ಕುಸ್ತಿಪಟುಗಳಾದ ವಿನೇಶ್ ಫೋಗಟ್, ಬಜರಂಗ್ ಪೂನಿಯಾ ಏನು ಮಾಡಿದರು ನೆನಪಿಸಿಕೊಳ್ಳಿ. ಇಬ್ಬರೂ ರೈಲ್ವೆಯವರೇ. 2024ರ ಸೆಪ್ಟೆಂಬರ್ 6ರಂದು ಕಾಂಗ್ರೆಸ್ ಸೇರಿದರು. ಅದೇ ದಿನ, ಸೇರುವ ಮೊದಲು, ರೈಲ್ವೆ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಆಮೇಲೆ ವಿನೇಶ್ ಹರಿಯಾಣದ ಜುಲಾನಾ ವಿಧಾನಸಭಾ ಕ್ಷೇತ್ರದಲ್ಲಿ ನಿಂತು ಗೆದ್ದರು. ರಾಜಕೀಯಕ್ಕೆ ಹೋಗಬೇಕು ಅನ್ನಿಸಿದರೆ ಆ ದಾರಿ ಇದೆ, ಅದರಲ್ಲಿ ತಪ್ಪಿಲ್ಲ. ಆದರೆ ಕೆಲಸದಲ್ಲಿ ಇದ್ದುಕೊಂಡು ಇನ್ನೊಬ್ಬರ ಋಣಕ್ಕೆ ವೇದಿಕೆ ಹತ್ತುವುದು ಬೇಡ.

ಇದನ್ನೇ ನೀವು ಆ ಮುಖಂಡರಿಗೂ ಹೇಳಬಹುದು. "ಇಷ್ಟ ಇಲ್ಲ" ಅಂದರೆ ಮುನಿಸಿಕೊಳ್ಳುತ್ತಾರೆ. "ಸರ್ಕಾರಿ ಕೆಲಸ, ಹೋಗುತ್ತೆ ಅಣ್ಣಾ" ಅಂದರೆ ಯಾರಿಗಾದರೂ ಅರ್ಥ ಆಗುತ್ತದೆ. ಅದು ಸುಳ್ಳೂ ಅಲ್ಲ.

ನಾಲೆ ಫೋಟೋ ಬಗ್ಗೆಯೂ ಒಂದು ಮಾತು, ಬೇಜಾರಾದರೂ ಹೇಳಲೇಬೇಕು. 9ನೇ ನಿಯಮದ ಪ್ರಕಾರ ನೌಕರ ಸರ್ಕಾರದ ಧೋರಣೆಯನ್ನು ಬಹಿರಂಗವಾಗಿ ಟೀಕಿಸುವ ಹಾಗಿಲ್ಲ. ನೀರು ಬಂದಿಲ್ಲ ಅನ್ನುವುದು ಟೀಕೆಯಾ, ಕಂಡಿದ್ದನ್ನು ಹೇಳಿದ್ದಾ? ನನ್ನ ಪ್ರಕಾರ ಕಂಡಿದ್ದನ್ನು ಹೇಳಿದ್ದು, ರೈತನ ಮಗ ಹೇಳಿದ್ದು. ಅದು ಹಾಗೇ ಇರಲಿ. ಆದರೆ ಕೆಳಗೆ ಕಾಮೆಂಟಿನಲ್ಲಿ ಯಾರು ಏನೇ ಕೆಣಕಿದರೂ ಇನ್ನೊಂದು ಸಾಲು ಸೇರಿಸುವುದು ಬೇಡ ಅಂತ ಹೇಳಿ. ಮಂತ್ರಿ ಹೆಸರು, ಇಲಾಖೆ ಹೆಸರು ಬಂತು ಅಂದರೆ ಕತೆ ಬೇರೆ ಆಗುತ್ತದೆ.

ಇನ್ನೊಂದು. ಶೂ ಕಂಪನಿ ಒಪ್ಪಂದಕ್ಕೆ ಇಲಾಖೆಯ ಅನುಮತಿ ಬರವಣಿಗೆಯಲ್ಲಿ ಇದೆಯಾ? ಹೊರಗಿನ ಸಂಪಾದನೆಗೆ ಅದು ಬೇಕೇ ಬೇಕು. 2018ರಲ್ಲಿ ಹರಿಯಾಣ ಸರ್ಕಾರ, ತನ್ನ ಕೆಲಸದಲ್ಲಿರುವ ಆಟಗಾರರು ಜಾಹೀರಾತು ಹಣದಲ್ಲಿ ಮೂರನೇ ಒಂದು ಭಾಗ ಕ್ರೀಡಾ ಮಂಡಳಿಗೆ ಕೊಡಬೇಕು ಅಂತ ಆದೇಶ ಮಾಡಿತ್ತು. ಕುಸ್ತಿಯವರೆಲ್ಲ ಸಿಟ್ಟಾದರು, ಕೊನೆಗೆ ಆದೇಶವನ್ನು ತಡೆಹಿಡಿದರು. ನಮ್ಮಂಥವರ ಬೆವರಿನ ಮೇಲೆ ಕಂಪನಿಗೂ ಕಣ್ಣು, ಸರ್ಕಾರಕ್ಕೂ ಕಣ್ಣು. ಅದಕ್ಕೇ ಕಾಗದ ಸರಿ ಇರಬೇಕು ಅನ್ನುವುದು.

---

ಮದ್ದೂರಿನ ಅಕ್ಕ

ಅಣ್ಣಾ, ತುಂಬಾ ಉಪಕಾರವಾಯಿತು. ಅನುಮತಿ ಪತ್ರ ಇದೆ, ಸೀಲ್ ಸಮೇತ ಫೈಲಿನಲ್ಲಿ ಇಟ್ಟಿದ್ದೇನೆ. ಒಪ್ಪಂದದಲ್ಲಿ ಕಂಪನಿಯವರು ತೋರಿಸುತ್ತಿರುವ ಕಲಂ ಹೀಗಿದೆ, ಇಂಗ್ಲಿಷಿನಿಂದ ನಾನೇ ಕನ್ನಡಕ್ಕೆ ತಂದಿದ್ದೇನೆ: "ಕಂಪನಿಯ ಹೆಸರಿಗೆ ಧಕ್ಕೆ ಬರುವಂಥ ಅಥವಾ ಸಾರ್ವಜನಿಕರ ಮನಸ್ಸಿಗೆ ನೋವಾಗುವಂಥ ಮಾತು, ನಡತೆ ಕಂಡುಬಂದರೆ ಕಂಪನಿ ಒಪ್ಪಂದವನ್ನು ಕೂಡಲೇ ರದ್ದು ಮಾಡಬಹುದು." ರಾಜಕೀಯ ಅನ್ನುವ ಪದವೇ ಎಲ್ಲೂ ಇಲ್ಲ. ಧಕ್ಕೆ ಬಂತು ಅಂತ ತೀರ್ಮಾನ ಮಾಡುವುದು ಯಾರು?

---

ಕೋರ್ಟು ಕಚೇರಿ

ಮೇಡಂ, ನಾನು ಬೆಂಗಳೂರಿನಲ್ಲಿ ವಕೀಲ. ಒಪ್ಪಂದಗಳ ಕೆಲಸವೇ ಜಾಸ್ತಿ. ನಿಮ್ಮ ಕೊನೆಯ ಪ್ರಶ್ನೆಯಲ್ಲೇ ಎಲ್ಲ ಇದೆ.

ಅಮೆರಿಕದಲ್ಲಿ ಇದೇ ಪ್ರಶ್ನೆ ಕೋರ್ಟಿಗೆ ಹೋಗಿತ್ತು. ರಶಾರ್ಡ್ ಮೆಂಡೆನ್‌ಹಾಲ್ ಅಂತ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಅಮೆರಿಕನ್ ಫುಟ್‌ಬಾಲ್ ಆಟಗಾರ. ಚಾಂಪಿಯನ್ ಅನ್ನುವ ಬಟ್ಟೆ ಬ್ರ್ಯಾಂಡಿನ ಜೊತೆ ಒಪ್ಪಂದ ಇತ್ತು, ಅದರ ಒಡೆಯರು ಹೇನ್ಸ್‌ಬ್ರಾಂಡ್ಸ್. 2011ರ ಮೇ ತಿಂಗಳಲ್ಲಿ ಒಸಾಮ ಬಿನ್ ಲಾಡೆನ್ ಸತ್ತಾಗ ಜನ ಬೀದಿಯಲ್ಲಿ ಸಂಭ್ರಮ ಪಟ್ಟರಲ್ಲ, ಒಬ್ಬರ ಸಾವಿಗೆ ಹೀಗೆ ಕುಣಿಯುವುದು ಸರಿಯಾ ಅನ್ನುವ ಅರ್ಥದಲ್ಲಿ ಅವನು ಟ್ವೀಟ್ ಮಾಡಿದ. ಸೆಪ್ಟೆಂಬರ್ 11ರ ದಾಳಿಯ ಬಗ್ಗೆಯೂ ಅನುಮಾನದ ಮಾತು ಬರೆದ. ಕಂಪನಿ ಒಪ್ಪಂದ ಕಿತ್ತುಹಾಕಿತು. ಅವನು ಸುಮಾರು 10 ಲಕ್ಷ ಡಾಲರ್ ಕೇಳಿ ದಾವೆ ಹೂಡಿದ. ಆ ಒಪ್ಪಂದದ ಕಲಂ ಕೂಡ ನಿಮ್ಮದರ ಹಾಗೇ ಇತ್ತು: ಬಹುಪಾಲು ಗ್ರಾಹಕರಿಗೆ ಆಘಾತ, ಅವಮಾನ ಆಗುವಂಥದ್ದು ನಡೆದರೆ ರದ್ದು.

ಕಂಪನಿ ಹೇಳಿದ್ದು: ಅದನ್ನು ತೀರ್ಮಾನಿಸುವುದು ನಮ್ಮ ಹಕ್ಕು, ಕೇಸನ್ನು ಇಲ್ಲೇ ಮುಗಿಸಿ. ಜಡ್ಜ್ 2012ರಲ್ಲಿ ಅದಕ್ಕೆ ಒಪ್ಪಲಿಲ್ಲ. ಹಕ್ಕಿದ್ದರೂ ಅದನ್ನು ನ್ಯಾಯವಾಗಿ, ಪ್ರಾಮಾಣಿಕವಾಗಿ ಬಳಸಬೇಕು, ಜನ ನಿಜವಾಗಿ ಹೇಗೆ ತೆಗೆದುಕೊಂಡರು ಅನ್ನುವುದನ್ನು ಸಾಕ್ಷ್ಯದ ಮೇಲೆ ನೋಡಬೇಕು ಅಂದರು. 2013ರಲ್ಲಿ ಎರಡೂ ಕಡೆಯವರು ರಾಜಿ ಮಾಡಿಕೊಂಡರು. ಇದು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವ ತೀರ್ಪಲ್ಲ. ಆದರೆ ವಾದ ಮಾಡುವ ದಾರಿ ಇದೇ.

ನಿಮ್ಮ ತಮ್ಮನ ಮೂರು ಸಾಲಿನಲ್ಲಿ ಯಾರ ಮನಸ್ಸಿಗೆ ನೋವಾಗಿದೆ? ಡೀಲರ್‌ಗಳು ದೂರು ಕೊಟ್ಟಿದ್ದರೆ ಅದರ ಪ್ರತಿ ಕೇಳಿ. ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ, "ಯಾವ ಕಲಂ ಪ್ರಕಾರ ತೆಗೆಯಬೇಕು, ಇಮೇಲ್ ಮಾಡಿ" ಅಂತ ಕೇಳಿ. ಅರ್ಧ ಕಂಪನಿಗಳು ಅಲ್ಲಿಗೇ ಸುಮ್ಮನಾಗುತ್ತವೆ. ಬರವಣಿಗೆಯಲ್ಲಿ ಬರೆದರೆ ತಾವು ಏನು ಕೇಳುತ್ತಿದ್ದೇವೆ ಅಂತ ಅವರಿಗೇ ಕಾಣಿಸುತ್ತದೆ. ಒಣ ನಾಲೆಯ ಫೋಟೋ ತೆಗೆಸಿ ಚುನಾವಣಾ ವೇದಿಕೆಗೆ ಕಳಿಸಿದರು ಅಂತ ನಾಳೆ ಹೊರಗೆ ಬಂದರೆ ಹೆಸರು ಕೆಡುವುದು ಅವರದ್ದು.

ಮುಂಗಡ ಹಣದ ವಿಷಯ. ಪಡೆದ ತಿಂಗಳಿಗೆ ತಕ್ಕ ಕೆಲಸ ಮಾಡಿಕೊಟ್ಟಿದ್ದರೆ ಅಷ್ಟನ್ನು ವಾಪಸ್ ಕೇಳುವುದು ಸುಲಭ ಅಲ್ಲ. ಅಂಗಡಿ ಉದ್ಘಾಟನೆಗೆ ಹೋದ ಫೋಟೋ, ಹಾಕಿದ ಪೋಸ್ಟ್‌ಗಳ ಲೆಕ್ಕ ಎಲ್ಲ ಜೋಡಿಸಿಡಿ. ಮುಂದಿನ ಸಲ ಸಹಿ ಹಾಕುವಾಗ ಎರಡು ಸಾಲು ಸೇರಿಸಲು ಹೇಳಿ: ಒಂದು, ಕ್ರಿಮಿನಲ್ ಕೇಸು, ಡೋಪಿಂಗ್, ಮೋಸದಾಟ ಇಂಥದ್ದಕ್ಕೆ ಮಾತ್ರ ರದ್ದು. ಎರಡು, ಆಟಗಾರನನ್ನು ಯಾವ ಪಕ್ಷದ ಕಾರ್ಯಕ್ರಮಕ್ಕೂ ಕಂಪನಿ ಕಳಿಸುವಂತಿಲ್ಲ. ಎರಡನೆಯದನ್ನು ಯಾರೂ ಬರೆಸುವುದಿಲ್ಲ, ಬರೆಸಬೇಕು.

---

ಬ್ರ್ಯಾಂಡ್ ಹುಡುಗ

ಸ್ವಲ್ಪ ಕಂಪನಿ ಕಡೆಯಿಂದಲೂ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ ಅಕ್ಕ. ನಾನು ಕ್ರೀಡಾ ಸಾಮಾನಿನ ಮಾರ್ಕೆಟಿಂಗ್‌ನಲ್ಲೇ ಇದ್ದೇನೆ. ಕಾವೇರಿ ಅಂದರೆ ನಮಗೆ ನಿಜವಾಗಿ ಭಯ. 2016ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ತಮಿಳುನಾಡು ನೋಂದಣಿಯ ಬಸ್ಸುಗಳು ಸಾಲಾಗಿ ಸುಟ್ಟುಹೋದವು. 2018ರ ಏಪ್ರಿಲ್‌ನಲ್ಲಿ ಚೆನ್ನೈನ ಚೆಪಾಕ್‌ನಲ್ಲಿ ಐಪಿಎಲ್ ಪಂದ್ಯ ನಡೆಯುತ್ತಿದ್ದಾಗ ಮೈದಾನದೊಳಗೆ ಚಪ್ಪಲಿ ಎಸೆದರು. ನೀರಿಗಾಗಿ ಹೋರಾಟ ನಡೆಯುವಾಗ ಕ್ರಿಕೆಟ್ ಯಾಕೆ ಅಂತ. ಚೆನ್ನೈ ತಂಡದ ಉಳಿದ ತವರಿನ ಪಂದ್ಯಗಳೆಲ್ಲ ಪುಣೆಗೆ ಹೋದವು. ಆಟಗಾರರು ಬಾಯಿ ಬಿಡದೇ ಇದ್ದಾಗಲೇ ಇಷ್ಟಾಯಿತು. ನಾಲೆ ಅನ್ನುವ ಒಂದು ಪದ ಸಾಕು, ಯಾರೋ ಅದನ್ನು ಕತ್ತರಿಸಿ ಬೇರೆ ಅರ್ಥ ಹಚ್ಚಿ ಹಂಚುತ್ತಾರೆ.

ಶೂ ಜಾಹೀರಾತಿಗೆ ಹೆಸರಾದ ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಮೈಕಲ್ ಜೋರ್ಡಾನ್ ವಿಷಯ ಗೊತ್ತಿರಬಹುದು. 1990ರಲ್ಲಿ ಅವನ ಊರಿನ ರಾಜ್ಯ ನಾರ್ತ್ ಕೆರೊಲಿನಾದಲ್ಲಿ ಹಾರ್ವಿ ಗ್ಯಾಂಟ್ ಅನ್ನುವ ಕರಿಯ ಅಭ್ಯರ್ಥಿ ಸೆನೆಟ್‌ಗೆ ನಿಂತಿದ್ದರು. ಬಹಿರಂಗವಾಗಿ ಬೆಂಬಲಿಸು ಅಂತ ಎಲ್ಲರೂ ಒತ್ತಾಯ ಮಾಡಿದರು, ಅವನು ಒಪ್ಪಲಿಲ್ಲ. ರಿಪಬ್ಲಿಕನ್ನರೂ (ಅಂದರೆ ಎದುರು ಪಕ್ಷದವರೂ) ಶೂ ಕೊಳ್ಳುತ್ತಾರೆ ಅಂದನಂತೆ ಅನ್ನುವ ಮಾತು ಇವತ್ತಿಗೂ ಬೆನ್ನು ಬಿಟ್ಟಿಲ್ಲ. ಗೆಳೆಯರ ಮುಂದೆ ತಮಾಷೆಗೆ ಆಡಿದ್ದು, ಆಗ ನನ್ನ ಗಮನವೆಲ್ಲ ಆಟದ ಮೇಲೆ ಇತ್ತು ಅಂತ 2020ರಲ್ಲಿ ಅವನೇ ಹೇಳಿದ. ಸುಮ್ಮನಿರುವುದೂ ಆಟಗಾರನ ಹಕ್ಕೇ ಅಲ್ವಾ? ನಿಮ್ಮ ತಮ್ಮ ಇನ್ನು ನಾಲ್ಕೈದು ವರ್ಷ ಆಡಬಹುದು. ಆಮೇಲೆ ಹೇಳಬೇಕಾದ್ದೆಲ್ಲ ಹೇಳಲಿ.

ಆದರೆ ವೇದಿಕೆಗೆ ಹೋಗಲಿ ಅಂದರಲ್ಲ ನಿಮ್ಮ ಕಂಪನಿಯವರು, ಅದು ತಪ್ಪು. ಅದನ್ನು ನಾನು ಸಮರ್ಥಿಸಲ್ಲ.

---

ಪರ್ತ್‌ನಿಂದ ಕನ್ನಡಿಗ

ಸುಮ್ಮನಿರುವುದು ಹಕ್ಕು ಅನ್ನುವುದನ್ನು ಒಪ್ಪುತ್ತೇನೆ. ಸುಮ್ಮನಿರಿಸುವುದು ಬೇರೆ.

ನಾನಿರುವ ಪರ್ತ್‌ನಲ್ಲೇ 2023ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಎದುರು ಟೆಸ್ಟ್ ಇತ್ತು. ಆಸ್ಟ್ರೇಲಿಯಾದ ಆಟಗಾರ ಉಸ್ಮಾನ್ ಖ್ವಾಜಾ ತನ್ನ ಶೂ ಮೇಲೆ, ಎಲ್ಲ ಜೀವಗಳೂ ಸಮಾನ ಅನ್ನುವ ಅರ್ಥದ ಸಾಲು ಕೈಯಲ್ಲಿ ಬರೆದುಕೊಂಡು ಅಭ್ಯಾಸಕ್ಕೆ ಬಂದ. ಗಾಜಾದ ಮಕ್ಕಳಿಗಾಗಿ. ಅದನ್ನು ಹಾಕಿಕೊಂಡು ಆಡುವ ಹಾಗಿಲ್ಲ ಅಂತಾಯಿತು. ತೋಳಿಗೆ ಕಪ್ಪು ಪಟ್ಟಿ ಕಟ್ಟಿದ, ಕ್ರಿಕೆಟ್‌ನ ಜಾಗತಿಕ ಸಂಸ್ಥೆ ಐಸಿಸಿ ಛೀಮಾರಿ ಹಾಕಿತು. ಪಾರಿವಾಳದ ಚಿತ್ರ ಅಂಟಿಸುತ್ತೇನೆ ಅಂದ, ಅದೂ ಬೇಡ ಅಂದರು. ಮೆಲ್ಬರ್ನ್ ಟೆಸ್ಟಿಗೆ ತನ್ನ ಹೆಣ್ಣುಮಕ್ಕಳ ಹೆಸರು ಬರೆದುಕೊಂಡು ಆಡಿದ. ಅದೇ ಐಸಿಸಿ 2019ರ ಮಾರ್ಚ್‌ನಲ್ಲಿ ರಾಂಚಿಯಲ್ಲಿ ನಮ್ಮ ತಂಡ ಸೇನೆಯ ಕ್ಯಾಪ್ ಹಾಕಿಕೊಂಡು ಆಡಲು ಅನುಮತಿ ಕೊಟ್ಟಿತ್ತು. ಹುತಾತ್ಮರ ಕುಟುಂಬಕ್ಕೆ ನಿಧಿ ಅನ್ನುವ ಕಾರಣಕ್ಕೆ. ಆ ಕ್ಯಾಪ್ ನೋಡಿ ನನಗೆ ಹೆಮ್ಮೆ ಆಗಿತ್ತು, ಈಗಲೂ ಇದೆ. ಆದರೆ ಒಂದಕ್ಕೆ ಜಾಗ ಇದೆ, ಇನ್ನೊಂದಕ್ಕೆ ಇಲ್ಲ ಅಂದಾಗ ಗೆರೆ ಎಳೆಯುವವರು ಯಾರು ಅಂತ ಕೇಳಲೇಬೇಕಾಗುತ್ತದೆ.

ಜಾಹೀರಾತಿನ ವಿಷಯಕ್ಕೆ ಇನ್ನೂ ಹತ್ತಿರದ್ದು 2022ರ ಆಸ್ಟ್ರೇಲಿಯಾ ನೆಟ್‌ಬಾಲ್ (ಬಾಸ್ಕೆಟ್‌ಬಾಲ್ ಥರದ ಆಟ) ಮಹಿಳಾ ತಂಡದ ಕತೆ. ಡಾನೆಲ್ ವಾಲಮ್ ಇದೇ ಪಶ್ಚಿಮ ಆಸ್ಟ್ರೇಲಿಯಾದ ನೂಂಗರ್ ಮೂಲನಿವಾಸಿ ಹುಡುಗಿ, ಆಗಷ್ಟೇ ತಂಡಕ್ಕೆ ಆಯ್ಕೆ ಆಗಿದ್ದಳು. ಹ್ಯಾನ್‌ಕಾಕ್ ಅನ್ನುವ ಗಣಿ ಕಂಪನಿ ತಂಡಕ್ಕೆ 1.5 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಡಲು ಮುಂದೆ ಬಂದಿತ್ತು. ಅದರ ಸ್ಥಾಪಕ ಲ್ಯಾಂಗ್ ಹ್ಯಾನ್‌ಕಾಕ್ 1984ರಲ್ಲಿ ಟಿವಿಯಲ್ಲಿ ಕೂತು, ಮೂಲನಿವಾಸಿಗಳಿಗೆ ಮಕ್ಕಳಾಗದ ಹಾಗೆ ನೀರಿಗೆ ಮದ್ದು ಬೆರೆಸಬೇಕು ಅನ್ನುವ ಅರ್ಥದ ಮಾತಾಡಿದ್ದ. ಆ ಲೋಗೊ ಎದೆ ಮೇಲೆ ಹಾಕಿಕೊಳ್ಳಲು ಅವಳಿಗೆ ಆಗಲಿಲ್ಲ. ಜೊತೆಯ ಆಟಗಾರ್ತಿಯರು ಅವಳ ಪರ ನಿಂತರು. ಕಂಪನಿ ಅಷ್ಟೂ ಹಣ ವಾಪಸ್ ತೆಗೆದುಕೊಂಡಿತು. ನೆಟ್‌ಬಾಲ್ ಸಂಸ್ಥೆ ಸಾಲದಲ್ಲಿತ್ತು, ಜನ ಅವಳನ್ನು ಬೈದರು. ಅದೇ ತಿಂಗಳು ಇಂಗ್ಲೆಂಡ್ ಎದುರು ತನ್ನ ಮೊದಲ ಪಂದ್ಯದಲ್ಲಿ ಗೆಲುವಿನ ಗೋಲು ಹಾಕಿದ್ದು ಅವಳೇ. ಆಮೇಲೆ ವಿಕ್ಟೋರಿಯಾ ರಾಜ್ಯದ ಪ್ರವಾಸೋದ್ಯಮ ಸಂಸ್ಥೆ ಅಷ್ಟೇ ಮೊತ್ತಕ್ಕೆ ಪ್ರಾಯೋಜಕತ್ವ ವಹಿಸಿಕೊಂಡಿತು. ಎಲ್ಲರಿಗೂ ಹೀಗೆ ಇನ್ನೊಬ್ಬರು ಸಿಗುತ್ತಾರೆ ಅಂತ ನಾನು ಹೇಳಲ್ಲ. ಬೇಡ ಅನ್ನುವಾಗ ಅವಳಿಗೂ ಗೊತ್ತಿರಲಿಲ್ಲ.

ನಮ್ಮವರದ್ದೂ ಒಂದು ಹೇಳುತ್ತೇನೆ. 2023ರ ಮೇ 28ರಂದು ದೆಹಲಿಯಲ್ಲಿ ಪ್ರತಿಭಟನೆ ಮಾಡುತ್ತಿದ್ದ ಕುಸ್ತಿಪಟುಗಳನ್ನು ಪೊಲೀಸರು ಎಳೆದಾಡಿದಾಗ ದೊಡ್ಡ ದೊಡ್ಡ ಕ್ರಿಕೆಟಿಗರು ಬಾಯಿ ಬಿಡಲಿಲ್ಲ. ಎರಡು ದಿನದಲ್ಲಿ ಅನಿಲ್ ಕುಂಬ್ಳೆ, ಹೀಗೆ ನಡೆದುಕೊಂಡಿದ್ದು ಬೇಸರ ತಂದಿದೆ, ಮಾತುಕತೆಯಿಂದ ಬಗೆಹರಿಯಲಿ ಅಂತ ಬರೆದರು. ಎರಡು ಮೂರು ಸಾಲು ಅಷ್ಟೇ, ನಿಮ್ಮ ತಮ್ಮ ಬರೆದಷ್ಟೇ. ಅವತ್ತು ಅದನ್ನು ಓದಿ ಇಷ್ಟು ದೂರದಲ್ಲಿರುವ ನನ್ನ ಮನಸ್ಸು ತುಂಬಿ ಬಂದಿತ್ತು.

---

ಮದ್ದೂರಿನ ಅಕ್ಕ

ಎಲ್ಲರಿಗೂ ಕೈ ಮುಗಿಯುತ್ತೇನೆ. ಬ್ರ್ಯಾಂಡ್ ಹುಡುಗ, ನಿಮ್ಮ ಭಯ ನನಗೆ ಅರ್ಥ ಆಗುತ್ತದೆ. ಬಸ್ಸು ಸುಟ್ಟ ದಿನ ನಮಗೂ ಸಂಕಟ ಆಗಿತ್ತು. ತಂಜಾವೂರಿನ ರೈತನೂ ನಮ್ಮ ಅಪ್ಪನ ಹಾಗೇ ಏರಿ ಮೇಲೆ ನಿಂತು ನೀರಿನ ದಾರಿ ನೋಡುತ್ತಿರುತ್ತಾನೆ, ಅವನ ಮೇಲೆ ನಮಗೇನೂ ಸಿಟ್ಟಿಲ್ಲ. ಆದರೆ ಒಟ್ಲು ಒಣಗುವಾಗ ಐದು ವರ್ಷ ಬಿಟ್ಟು ಹೇಳು ಅಂದರೆ ಹೇಗೆ? ಆ ವಿಷಯಕ್ಕೆ ಅದೇ ವಾರ ಬೆಲೆ.

ಏನಾಯಿತು ಅಂತ ಹೇಳುತ್ತೇನೆ. ಕಲಂ ನಂಬರ್ ಕೊಡಿ ಅಂತ ಕಂಪನಿಗೆ ಇಮೇಲ್ ಹಾಕಿದೆ. ಉತ್ತರ ಬಂದಿಲ್ಲ, ಫೋನ್ ಕೂಡ ನಿಂತಿದೆ. ಒಪ್ಪಂದದ ಪ್ರಕಾರ ತಮ್ಮ ಈ ತಿಂಗಳ ಶೂ ಫೋಟೋ ಹಾಕಿದ್ದಾನೆ. ನಾಲೆ ಫೋಟೋನೂ ಹಾಗೇ ಇದೆ.

ಭಾನುವಾರ ಅಪ್ಪ, ತಮ್ಮ, ನಾನು ಮೂವರೂ ಮುಖಂಡರ ಮನೆಗೆ ಹೋಗಿ ಬಂದೆವು. 25 ಸಾವಿರವನ್ನು ಕವರಿನಲ್ಲಿ ಹಾಕಿ ಒಯ್ದಿದ್ದೆವು. ಮೊದಲು ಬೇಡ ಅಂದರು, ಅಪ್ಪ ಬಲವಂತ ಮಾಡಿದ ಮೇಲೆ ತಗೊಂಡರು. ಹಳೇ ರೈಡರ್ ಅಣ್ಣ ಹೇಳಿದ ಹಾಗೆ ನೌಕರಿಯ ನಿಯಮ ಹೇಳಿದೆವು. ಪಂದ್ಯಾವಳಿ ಚುನಾವಣೆ ಮುಗಿದ ಮೇಲೆ ಇಟ್ಟರೆ ಎರಡು ದಿನ ಪೂರ್ತಿ ಬಂದು ಹುಡುಗರಿಗೆ ರೈಡ್ ಹೇಳಿಕೊಡುತ್ತೇನೆ, ಶಾಲು ಮಾತ್ರ ಬೇಡ ಅಂದ ತಮ್ಮ. ಅವರಿಗೆ ಸಮಾಧಾನ ಆಗಲಿಲ್ಲ. "ಟಿವಿಗೆ ಬಂದ ಮೇಲೆ ಎಲ್ಲರೂ ಹೀಗೇ" ಅಂದರು. ವಾಪಸ್ ಬರುವಾಗ ಅಪ್ಪ ಏನೂ ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ "ಹೋಗಿ ಹೇಳಿದ್ದು ಒಳ್ಳೇದಾಯ್ತು ಬಿಡು" ಅಂದರು.

ವಕೀಲ ಸರ್, ಈಗ ಇನ್ನೊಂದು ಸಹಾಯ ಬೇಕು. ತಮ್ಮನ ಫೋಟೋ ಇರುವ ಫ್ಲೆಕ್ಸ್ ಆಗಲೇ ಪ್ರಿಂಟಿಗೆ ಹೋಗಿದೆ ಅಂತ ಕೇಳಿದೆ, ಲೀಗ್ ಜೆರ್ಸಿಯಲ್ಲಿ ಇರುವ ಫೋಟೋ. 2024ರಲ್ಲಿ ಕ್ರಿಕೆಟಿಗ ಯೂಸುಫ್ ಪಠಾಣ್ ಚುನಾವಣೆಗೆ ನಿಂತಾಗ 2011ರ ವಿಶ್ವಕಪ್ ಫೋಟೋಗಳ ಪ್ರಚಾರವನ್ನು ಆಯೋಗವೇ ನಿಲ್ಲಿಸಿತ್ತು ಅಂತ ಓದಿದ ನೆನಪು. ನಮ್ಮ ಒಪ್ಪಿಗೆ ಇಲ್ಲ, ಬಳಸಬೇಡಿ ಅಂತ ಬರೆದುಕೊಡಲು ಒಂದು ಪತ್ರದ ಮಾದರಿ ಕಳಿಸುತ್ತೀರಾ? ಒಂದು ಪ್ರತಿ ಮುಖಂಡರ ಕಚೇರಿಗೆ, ಒಂದು ತಾಲೂಕು ಚುನಾವಣಾಧಿಕಾರಿಗೆ, ಒಂದು ತಮ್ಮನ ಇಲಾಖೆಗೆ ಕೊಡೋಣ ಅಂದುಕೊಂಡಿದ್ದೇನೆ. ಗುರುವಾರದೊಳಗೆ ಸಿಕ್ಕಿದರೆ ಒಳ್ಳೆಯದು. ಶುಕ್ರವಾರ ಅವನು ಕ್ಯಾಂಪಿಗೆ ಹೊರಡುತ್ತಾನೆ, ಅಷ್ಟರಲ್ಲಿ ಸಹಿ ಹಾಕಿಸಿಕೊಳ್ಳಬೇಕು.